ಟ್ರೈಲರ್ ತಂಗಲು ಖಾಲಿ ತೋಟವೊಂದೇ ಸಾಲದು

ಮಾನ್ಯ ಸಂಪಾದಕರೇ,

ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಕಾರಿನ ಹಿಂದೆ ಟ್ರೈಲರ್ (ಏಸಿ, ಸ್ನಾನ, ಸಂಡಾಸು ಎಲ್ಲ ಇರುವ ಗಾಲಿಮನೆ, ಅಂದರೆ ಕ್ಯಾರವಾನ್) ಕಟ್ಟಿಕೊಂಡು ಹಳೇ ಗೋವಾ ನೋಡಲು ಬರುವವರಿಗೆ ತೆಂಗಿನ ತೋಟದ ಗೇಟಿನಲ್ಲಿ ‘ಕ್ಯಾರವಾನ್ ತಂಗುದಾಣ’ ಎಂಬ ಬೋರ್ಡ್ ಸಿಗುತ್ತದೆ. ಒಳಗೆ ಹೋದರೆ ಸಿಗುವುದು ಮನೆಯ ಅಡುಗೆಕೋಣೆ ಕಿಟಕಿಯಿಂದ ಇಳಿಬಿಟ್ಟ ಒಂದು ವೈರು, ತೋಟಕ್ಕೆ ನೀರು ಬಿಡುವ ಪೈಪು. ಕರೆಂಟು, ನೆಲ, ಸಂಡಾಸಿನ ಗುಂಡಿ ಈ ಮೂರೂ ಸರಿಯಿಲ್ಲದ ಮಾಲೀಕರು ಪಾರ್ಕಿಂಗ್ ಎಂದು ಬರೆದು ಪಾರ್ಕಿಂಗ್ ದರವನ್ನೇ ತೆಗೆದುಕೊಳ್ಳಲಿ.

ಮೊದಲು ಕರೆಂಟು. ಒಂದೂವರೆ ಟನ್ ಏಸಿ ಸುಮಾರು 7 ಆಂಪಿಯರ್ ಎಳೆಯುತ್ತದೆ, 2 ಕಿಲೋವಾಟ್ ಗೀಸರ್ ಹತ್ತಿರಹತ್ತಿರ 9. ಎರಡೂ ಒಟ್ಟಿಗೆ ಓಡಿದರೆ 16 ಆಂಪಿಯರ್ ಪ್ಲಗ್ಗಿಗೂ ಅದೇ ಕೊನೆ. 6 ಆಂಪಿಯರ್ ಪ್ಲಗ್ಗಿನ ಮಾತೇ ಬೇಡ. ಒಂದೂವರೆ ಚದರ ಮಿ.ಮೀ. ವೈರನ್ನು 30 ಮೀಟರ್ ಎಳೆದು 15 ಆಂಪಿಯರ್ ಹರಿಸಿದರೆ ದಾರಿಯಲ್ಲೇ 11 ವೋಲ್ಟ್ ಕರಗುತ್ತದೆ. ಸಂಜೆ ಲೈನಿನಲ್ಲಿ 200 ವೋಲ್ಟ್ ಇದ್ದರೆ ಟ್ರೈಲರಿಗೆ ತಲುಪುವುದು 189. ಏಸಿಯ ಕಂಪ್ರೆಸರ್ ಎದ್ದೇಳಲಾರದೆ ಗುಂಯ್ ಎಂದು ಮತ್ತೆ ಮತ್ತೆ ನಿಂತುಹೋಗುವುದು ಇದಕ್ಕೇ. ಆಗ ಜನ ಬೈಯುವುದು ಏಸಿಯನ್ನು. 4 ಚದರ ಮಿ.ಮೀ. ತಾಮ್ರದ ವೈರಾದರೆ ಅದೇ ದೂರಕ್ಕೆ ಹೋಗುವುದು 4 ವೋಲ್ಟ್ ಮಾತ್ರ. ಉಳಿದ ವೈರನ್ನು ಡ್ರಮ್ಮಿಗೆ ಸುತ್ತಿಯೇ ಬಿಟ್ಟರೆ ಒಳಸುತ್ತು ಕಾದು ಇನ್ಸುಲೇಶನ್ ಮೆತ್ತಗಾಗುತ್ತದೆ. ಉಪಯೋಗಿಸಲಿ ಬಿಡಲಿ, ಪೂರ್ತಿ ಬಿಚ್ಚಿಡಬೇಕು.

ಅರ್ಥಿಂಗ್ ಇಲ್ಲದಿರುವುದು ಇದಕ್ಕಿಂತ ಕೆಟ್ಟದ್ದು. ಟ್ರೈಲರಿನ ತಗಡು ಮೈಗೆ ಎಲ್ಲೋ ಒಂದು ಕಡೆ ಕರೆಂಟು ಸೋರಿದರೆ ಒಳಗಿದ್ದವರಿಗೆ ಗೊತ್ತೇ ಆಗುವುದಿಲ್ಲ. ಕೆಳಗಿಳಿದು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಬಾಗಿಲ ಹಿಡಿ ಮುಟ್ಟಿದಾಗ ಹೊಡೆಯುತ್ತದೆ. ಪ್ಲಗ್ಗಿಗೆ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ, ಎಲೆಕ್ಟ್ರೀಷಿಯನ್ ಕೈಯಲ್ಲಿ ಫೇಸ್‌ಗೂ ಅರ್ಥ್‌ಗೂ 60 ವಾಟ್ ಬಲ್ಬು ಕೊಡಿಸಿ ನೋಡಿ. ಬಲ್ಬು ಬೆಳಗುವ ಮೊದಲೇ ಆರ್‌ಸಿಸಿಬಿ ಬಿದ್ದರೆ ಎರಡೂ ಸರಿ ಇವೆ. ಬಲ್ಬೂ ಹತ್ತದೆ ಆರ್‌ಸಿಸಿಬಿಯೂ ಬೀಳದೆ ಇದ್ದರೆ ಪ್ಲಗ್ಗಿನ ಮೂರನೇ ತೂತು, ಅಂದರೆ ಅರ್ಥಿನದು, ಬರೀ ಅಲಂಕಾರ.

ಇನ್ನು ನೆಲ. ಹಳೇ ಗೋವಾದ ಬೊಮ್ ಜೀಸಸ್ ಬೆಸಿಲಿಕಾ ಚರ್ಚಿನ ಹೊರಗೋಡೆಯಲ್ಲಿ ಕಾಣುವ ಕೆಂಪು ಜಂಬಿಟ್ಟಿಗೆಯೇ ಇಲ್ಲಿನ ನೆಲ. ಕಲ್ಲಾಗಿದ್ದಾಗ 400 ವರ್ಷ ನಿಂತೀತು. ಮಣ್ಣಾದಾಗ ಒಂದು ಜೋರು ಮಳೆಗೆ ರಾಡಿ. ಟ್ರೈಲರಿನ ನಾಲ್ಕು ಮೂಲೆಯ ಕಾಲುಗಳ ಕೆಳಗೆ ಅಡಿ ಚದರದ ದಪ್ಪ ಹಲಗೆ ಇಡದಿದ್ದರೆ ಬೆಳಗಾಗುವಷ್ಟರಲ್ಲಿ ಒಂದು ಮೂಲೆ ಕುಸಿದು ಬಾಗಿಲು ಬಿಗಿಯುತ್ತದೆ. ನಿಲ್ಲಿಸುವಾಗ ಕ್ರಮ ತಪ್ಪಬಾರದು. ಕಾರಿಗೆ ಕಟ್ಟಿರುವಾಗಲೇ ತಗ್ಗಿನ ಕಡೆಯ ಗಾಲಿಯನ್ನು ಹಲಗೆಯ ಮೇಲೆ ಹತ್ತಿಸಿ ಎಡಬಲ ಸಮ ಮಾಡಿ, ಎರಡೂ ಗಾಲಿಗಳ ಹಿಂದೆ ಮುಂದೆ ಬೆಣೆ ಕೊಟ್ಟು, ಆಮೇಲೆ ಕೊಂಡಿ ಬಿಚ್ಚಬೇಕು. ಹಿಂದುಮುಂದನ್ನು ಮೂತಿಯ ಚಿಕ್ಕ ಗಾಲಿ ತಿರುಗಿಸಿ ಸಮ ಮಾಡಿ, ಮೂಲೆಯ ಕಾಲುಗಳನ್ನು ಕೊನೆಗೆ ಇಳಿಸಿ. ಆ ಕಾಲುಗಳಿರುವುದು ಅಲುಗಾಟ ತಡೆಯಲು. ಅವುಗಳಿಂದ ಟ್ರೈಲರನ್ನೇ ಎತ್ತಲು ಹೋದರೆ ಚಾಸಿ, ಅಂದರೆ ತಳದ ಚೌಕಟ್ಟು, ಬಾಗುತ್ತದೆ.

ಟ್ರೈಲರಿನ ಸಂಡಾಸಿನ ಟ್ಯಾಂಕ್ ಬಗ್ಗೆ ಮಾತಾಡಲು ಎಲ್ಲರಿಗೂ ಸಂಕೋಚ, ಕೆಡುವುದೂ ಅಲ್ಲೇ. ಪೈಪು ಜೋಡಿಸಿ ವಾಲ್ವ್ ತೆರೆದೇ ಬಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯಾದದ್ದು ತಳದಲ್ಲಿ ಗುಪ್ಪೆಯಾಗಿ ಕೂರುತ್ತದೆ. ಟ್ಯಾಂಕ್ ಮುಕ್ಕಾಲು ಭಾಗ ತುಂಬುವವರೆಗೆ ವಾಲ್ವ್ ಮುಚ್ಚಿರಲಿ. ಮೊದಲು ಸಂಡಾಸಿನದು, ಅದರ ಬೆನ್ನಿಗೆ ಸ್ನಾನದ ನೀರು ಬಿಟ್ಟರೆ ಪೈಪು ತಾನಾಗಿ ತೊಳೆದುಕೊಳ್ಳುತ್ತದೆ. ಖಾಲಿಯಾದ ಮೇಲೆ ಒಂದು ಬಕೆಟ್ ನೀರು ಒಳಗೆ ಹಾಕಿಡಿ. ಫಿನಾಯಿಲ್, ಬ್ಲೀಚಿಂಗ್ ಪುಡಿ ಸುರಿಯಬೇಡಿ; ಮಾಲೀಕರ ಸೆಪ್ಟಿಕ್ ಟ್ಯಾಂಕಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಟ್ಯಾಂಕ್ ಬದಲು ಎತ್ತಿಕೊಂಡು ಹೋಗಿ ಖಾಲಿ ಮಾಡುವ 20 ಲೀಟರ್ ಡಬ್ಬಿಯ ಸಂಡಾಸಾದರೆ ಇಬ್ಬರಿಗೆ ಎರಡು ಮೂರು ದಿನ ಬರುತ್ತದೆ.

ಮಾಲೀಕರು ಮಾಡಬೇಕಾದದ್ದು ದೊಡ್ಡದೇನಲ್ಲ: ಸೆಪ್ಟಿಕ್ ಟ್ಯಾಂಕಿಗೆ ಇಳಿಯುವ, ಮುಚ್ಚಳವಿರುವ 4 ಇಂಚಿನ ಪೈಪು, ಪಕ್ಕದಲ್ಲೊಂದು ನಲ್ಲಿ. ಕುಡಿಯುವ ನೀರಿನ ನಲ್ಲಿ ಬೇರೆ ಕಡೆ ಇರಲಿ, ಪೈಪೂ ಬೇರೆಯೇ ಇರಲಿ. ಬಾವಿಗೂ ಗುಂಡಿಗೂ ಕನಿಷ್ಠ 15 ಮೀಟರ್ ಅಂತರ ಬೇಕು. ಜಂಬಿಟ್ಟಿಗೆ ತೂತುತೂತಿನ ಕಲ್ಲು, ಕೊಳೆ ಎಷ್ಟು ದೂರ ಜಿನುಗುತ್ತದೆಂದು ಮೇಲೆ ನಿಂತವರಿಗೆ ಕಾಣುವುದಿಲ್ಲ. ರಾತ್ರಿ ಸದ್ದಿಲ್ಲದೆ ರಸ್ತೆಬದಿಯ ಗಟಾರಕ್ಕೆ ಬಿಟ್ಟದ್ದು ಸೇರುವುದು ಮಾಂಡೋವಿ ನದಿಯನ್ನೇ.

ನಿಲ್ಲಿಸಿದ ಮೇಲೆ ಟ್ರೈಲರನ್ನು ಹೊರಡುವ ದಿನದವರೆಗೆ ಅಲ್ಲಾಡಿಸಬೇಡಿ. ಪಣಜಿಗೆ ಹೋಗುವ ದಾರಿಯಲ್ಲಿರುವ ರಿಬಂದರಿನ ಹಳೆಯ ಸೇತುರಸ್ತೆ ಕಟ್ಟಿದ್ದು 1630ರ ದಶಕದಲ್ಲಿ, ಅದರ ಅಗಲ ನಿಮ್ಮ ಟ್ರೈಲರಿಗೆಂದು ಇಟ್ಟದ್ದಲ್ಲ. ಪಣಜಿಯಿಂದ ಹಳೇ ಗೋವಾ ಸುಮಾರು 10 ಕಿ.ಮೀ., ಬಸ್ಸಿದೆ. ಅದರ ಮೇಲಿನ ‘ಕದಂಬ’ ಎಂಬ ಹೆಸರು ನಮ್ಮವರಿಗೆ ಹೊಸದೇನಲ್ಲ. ಡಿಸೆಂಬರ್ 3ರ ಸೇಂಟ್ ಫ್ರಾನ್ಸಿಸ್ ಝೇವಿಯರ್ ಹಬ್ಬ, ಅದಕ್ಕೆ ಮೊದಲಿನ ಒಂಬತ್ತು ದಿನದ ಪ್ರಾರ್ಥನೆಯ ಹೊತ್ತಿನಲ್ಲಂತೂ ಟ್ರೈಲರ್ ತಿರುಗಿಸಲೂ ಜಾಗವಿರುವುದಿಲ್ಲ.

1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಚರ್ಚುಗಳ ಮಗ್ಗುಲಲ್ಲೇ ಇಂಥ ತಂಗುದಾಣಗಳಿಗೆ ಅನುಮತಿ ಕೊಡುವವರು ಎಷ್ಟು ವಾಹನ ಹಿಡಿಸುತ್ತದೆ ಎಂದು ಕೇಳುವ ಮೊದಲು ಆ ಮುಚ್ಚಳದ ಪೈಪು ಎಲ್ಲಿದೆ ತೋರಿಸಿ ಎನ್ನಲಿ. ಬರುವವರೂ ಮುಂಗಡ ಕಳಿಸುವ ಮೊದಲು ಪ್ಲಗ್ಗಿನ ಮತ್ತು ಆ ಪೈಪಿನ ಫೋಟೊ ತರಿಸಿಕೊಳ್ಳಲಿ.

– ವೈರಿಂಗ್ ಮತ್ತು ಪ್ಲಂಬಿಂಗ್ ಕೆಲಸದ ಕನ್ನಡಿಗರು, ವಾಸ್ಕೋ, ಗೋವಾ