ಕಲ್ಲಿನ ರಥ ಸಾಕು, ಹುಡುಕಾಟದ ಪಟ್ಟಿ ನೋಡಿ

ಮಾನ್ಯರೇ,

ಮದುವೆ ಸೀಸನ್ ಇಲ್ಲದ ತಿಂಗಳುಗಳಲ್ಲಿ ನಮ್ಮ ಭಾಗದ ಛಾಯಾಗ್ರಾಹಕರು ಆನ್‌ಲೈನ್‌ನಲ್ಲಿ ಚಿತ್ರ ಮಾರುವ ಸ್ಟಾಕ್ ಫೋಟೊ ತಾಣಗಳತ್ತ ಹೊರಳುತ್ತಿರುವುದು ಒಳ್ಳೆಯದೇ. ಆದರೆ ಏರಿಸುವುದು ಮತ್ತದೇ ಹಂಪಿಯ ಕಲ್ಲಿನ ರಥ, ಅಂಜನಾದ್ರಿಯ ಸೂರ್ಯಾಸ್ತ. ಚಿತ್ರ ಮಾರಾಟವಾಗದಿದ್ದರೆ ಲೆನ್ಸ್ ಬದಲಿಸುತ್ತಾರೆ. ಖರೀದಿದಾರರು ಯಾವ ಪದ ಹಾಕಿ ಹುಡುಕಿದರು ಎಂದು ನೋಡುವವರು ಕಡಿಮೆ.

ಇಂಥ ತಾಣಗಳಲ್ಲೊಂದಾದ ಅಲಾಮಿಯ 'ಮೆಷರ್ಸ್' ವಿಭಾಗ ಈ ಮಾಹಿತಿಯನ್ನು ತನ್ನ ಛಾಯಾಗ್ರಾಹಕರಿಗೆ ತೋರಿಸುತ್ತದೆ. ಹುಡುಕಾಟದ ಪುಟದಲ್ಲಿ ನಿಮ್ಮ ಚಿತ್ರ ಕಾಣಿಸಿಕೊಂಡರೆ ಅದು 'ವ್ಯೂ', ಖರೀದಿದಾರ ಅದನ್ನು ಒತ್ತಿ ದೊಡ್ಡದಾಗಿ ನೋಡಿದರೆ 'ಜೂಮ್'. ಸಾವಿರ ವ್ಯೂಗೆ 5 ಜೂಮ್ ಬಂದರೆ ಅನುಪಾತ ಶೇ 0.5. ವ್ಯೂ ಏರಿ ಜೂಮ್ ಏರದಿದ್ದರೆ ತಪ್ಪು ಹೆಚ್ಚಾಗಿ ಕೀವರ್ಡ್‌ನಲ್ಲಿ, ಅಂದರೆ ಚಿತ್ರ ಹುಡುಕಿದಾಗ ಸಿಗಲೆಂದು ನಾವು ಅದಕ್ಕೆ ಹಾಕುವ ಪದಗಳಲ್ಲಿರುತ್ತದೆ. ಭತ್ತದ ಗದ್ದೆಯ ಚಿತ್ರಕ್ಕೆ 'ಪ್ರವಾಸ', 'ಹಂಪಿ', 'ಸುಂದರ' ಎಂದೆಲ್ಲ ತುರುಕಿದರೆ ದೇಗುಲ ಹುಡುಕುವವನ ಮುಂದೆ ಗದ್ದೆ ಹೋಗಿ ನಿಲ್ಲುತ್ತದೆ. ಅವನು ಒತ್ತುವುದಿಲ್ಲ, ಅನುಪಾತ ಕುಸಿಯುತ್ತದೆ.

ಇಂಥದೇ ಇನ್ನೊಂದು ತಾಣ ಅಡೋಬಿ ಸ್ಟಾಕ್‌ನಲ್ಲಿ 49 ಕೀವರ್ಡ್‌ವರೆಗೆ ಹಾಕಬಹುದು. ಅಲ್ಲಿ ಕ್ರಮಕ್ಕೂ ಬೆಲೆಯಿದೆ, ಮೊದಲ 10 ಪದಗಳೇ ಮುಖ್ಯ. 49ನ್ನೂ ತುಂಬಿಸಲೇಬೇಕೆಂಬ ಹಟ ಬೇಡ.

ಬೇಡಿಕೆಯ ಜೊತೆ ಪೂರೈಕೆಯನ್ನೂ ತೂಗಬೇಕು. ಮೆಷರ್ಸ್‌ನಲ್ಲೇ ಅಲಾಮಿಯ ಎಲ್ಲ ಗ್ರಾಹಕರ ಹುಡುಕಾಟ ತೋರಿಸುವ ಭಾಗವಿದೆ. ಅಲ್ಲಿ ಕಾಲುವೆ ನೀರಾವರಿ, ಹತ್ತಿ ಬಿಡಿಸುವುದು, ಒಣಮೆಣಸಿನಕಾಯಿ, ಅಕ್ಕಿ ಗಿರಣಿ, ಕಬ್ಬಿಣದ ಅದಿರು, ಜೀನ್ಸ್ ಹೊಲಿಗೆಯಂಥ ನಮ್ಮ ಜಿಲ್ಲೆಗಳ ವಿಷಯಗಳನ್ನು ಇಂಗ್ಲಿಷಿನಲ್ಲಿ ಒಂದೊಂದಾಗಿ ಹಾಕಿ ನೋಡಿ. ಅದೇ ಪದಕ್ಕೆ ತಾಣದಲ್ಲಿ ಎಷ್ಟು ಚಿತ್ರಗಳಿವೆ ಎಂಬುದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಹುಡುಕಾಟ ಇದ್ದು ಚಿತ್ರ ಕಡಿಮೆ ಇರುವಲ್ಲಿ ಅವಕಾಶ ಇದೆ. ಎರಡೂ ಸೊನ್ನೆಯಿದ್ದರೆ ಅದು ಅವಕಾಶವಲ್ಲ, ಬೀಳು ಭೂಮಿ. ಅನೇಕರು ಎಡವುವುದು ಇಲ್ಲೇ.

ಊರಿನ ಹೆಸರುಗಳ ವಿಷಯದಲ್ಲೂ ಎಚ್ಚರ ಬೇಕು. ಬಳ್ಳಾರಿಯ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ Bellary ಇದ್ದದ್ದು Ballari ಎಂದು ಬದಲಾಯಿತು. ಹೊರದೇಶದ ಸಂಪಾದಕರಲ್ಲಿ ಹಳೆಯದನ್ನೇ ಟೈಪ್ ಮಾಡುವವರು ಇನ್ನೂ ಇರಬಹುದು, ಹಾಗಾಗಿ ಎರಡನ್ನೂ ಹಾಕಿ. ಹೊಸಪೇಟೆ, ಹಂಪಿ 2021ರಿಂದ ವಿಜಯನಗರ ಜಿಲ್ಲೆಯಲ್ಲಿವೆ. ಹಳೆಯ ಚಿತ್ರಗಳ ಶೀರ್ಷಿಕೆ ತಿದ್ದಬೇಕು.

ಮೆಷರ್ಸ್‌ನ ಅಂಕಿಗಳಿಗೆ ಮಿತಿಯೂ ಉಂಟು. ಅವು ಆ ಒಂದು ತಾಣದ ಗ್ರಾಹಕರದ್ದು ಮಾತ್ರ. ಗೂಗಲ್‌ನಲ್ಲಿ ಜನ ಏನು ಹುಡುಕುತ್ತಾರೆಂದು ತಿಳಿಸುವ ಗೂಗಲ್ ಟ್ರೆಂಡ್ಸ್ ಅನ್ನೂ ನೋಡಬಹುದು; ಅದು ತೋರಿಸುವ 0–100 ಹುಡುಕಾಟಗಳ ಸಂಖ್ಯೆಯಲ್ಲ, ಆ ಅವಧಿಯ ಗರಿಷ್ಠವನ್ನು 100 ಎಂದಿಟ್ಟುಕೊಂಡ ಹೋಲಿಕೆ. ಅಲ್ಲಿ ಹುಡುಕುವ ಎಲ್ಲರೂ ದುಡ್ಡು ಕೊಡುವವರಲ್ಲ. ಆದರೂ ಯಾವ ತಿಂಗಳಲ್ಲಿ ಯಾವ ಹಬ್ಬ, ಯಾವ ಬೆಳೆಯ ಹುಡುಕಾಟ ಏರುತ್ತದೆಂದು ತಿಳಿಯಲು ಅದು ಸಾಕು. ಪತ್ರಿಕೆ, ಜಾಹೀರಾತಿನವರು ಮೊದಲೇ ಹುಡುಕುವುದರಿಂದ ದೀಪಾವಳಿಯ ಚಿತ್ರ ಎರಡು–ಮೂರು ತಿಂಗಳು ಮುಂಚೆಯೇ ಏರಿರಬೇಕು.

ಮುಖ ಗುರುತಾಗುವ ಕೂಲಿಕಾರರ ಚಿತ್ರಕ್ಕೆ ಸಹಿ ಮಾಡಿದ ಒಪ್ಪಿಗೆ ಪತ್ರ ಇಲ್ಲದಿದ್ದರೆ ಜಾಹೀರಾತಿಗೆ ಮಾರಲಾಗದು, ಸಂಪಾದಕೀಯ (ಸುದ್ದಿ, ಲೇಖನದಂಥ) ಬಳಕೆಗೆ ಮಾತ್ರ ಎಂದು ಗುರುತಿಸಬೇಕು. ಹೊಲದಲ್ಲೇ ಸಹಿ ಪಡೆಯುವುದು ಸುಲಭ.

ಛಾಯಾಗ್ರಾಹಕರ ಸಂಘಗಳು ಹೊಸ ಕ್ಯಾಮೆರಾ ಪರಿಚಯದ ಶಿಬಿರಗಳ ಜೊತೆಗೆ ಇದಕ್ಕೂ ಅರ್ಧ ದಿನ ಮೀಸಲಿಡಲಿ. ಬರುವವರು ತಮ್ಮ ಖಾತೆಯ ಕಳೆದ ಮೂರು ತಿಂಗಳ ಹುಡುಕಾಟದ ಪಟ್ಟಿಯನ್ನು ಪ್ರಿಂಟ್ ತೆಗೆದು ತರಲಿ.

— ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ