ಕರೆಂಟ್ ಕೊಡುವುದಷ್ಟೇ ಫಿಸಿಯೋಥೆರಪಿಯಲ್ಲ

ಮಾನ್ಯ ಸಂಪಾದಕರೇ,

‘10 ದಿನ ಕರೆಂಟ್ ಕೊಡಿಸಿದೆ, ನೋವು ಮತ್ತೆ ಶುರುವಾಯಿತು’ ಎಂದು ಫಿಸಿಯೋಥೆರಪಿಯನ್ನು ದೂರುವವರು ಬಹಳ. ಶುರುವಾಗದೆ ಇನ್ನೇನು? ಐಎಫ್‌ಟಿ, ಟೆನ್ಸ್ ಎಂಬ ಸಣ್ಣ ಕರೆಂಟ್ ಹರಿಸುವ ಚಿಕಿತ್ಸೆಗಳು, ಮೇಣದ ಶಾಖ ಇವೆಲ್ಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ, ಅಷ್ಟೇ. ಆ ಬಿಡುವಿನಲ್ಲಿ ವ್ಯಾಯಾಮ ಮಾಡಿಸಬೇಕು. ಸೋತ ಸ್ನಾಯುವಿಗೆ ಬಲ ಬರುವುದು ಅದರಿಂದ, ಯಂತ್ರದಿಂದಲ್ಲ.

ಮಂಡಿ ಸವೆತವನ್ನೇ ನೋಡಿ. ನೋವಿಗೆ ಹೆದರಿ ನಡೆಯುವುದನ್ನು ಬಿಟ್ಟರೆ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ. ಕೀಲಿಗೆ ಆಸರೆ ತಪ್ಪಿ ನೋವು ಇನ್ನೂ ಹೆಚ್ಚುತ್ತದೆ. ಮೊದಲ ವ್ಯಾಯಾಮ ಬಹಳ ಸರಳ. ಕಾಲು ಚಾಚಿ ಕುಳಿತು, ಸುರುಳಿ ಸುತ್ತಿದ ಟವೆಲನ್ನು ಮಂಡಿಯ ಅಡಿಗಿಟ್ಟು, ಪಾದವನ್ನು ಮೇಲಕ್ಕೆ ಬಾಗಿಸಿ, ಟವೆಲನ್ನು ಮಂಡಿಯಿಂದ ಅದುಮಿ 5 ಸೆಕೆಂಡ್ ಹಿಡಿಯಬೇಕು. 10 ಸಲ ಮಾಡಿದರೆ ಒಂದು ಸುತ್ತು. ದಿನಕ್ಕೆ 2–3 ಸುತ್ತು. ಎಷ್ಟೋ ಜನ ಅದುಮುವಾಗ ಉಸಿರು ಬಿಗಿಹಿಡಿಯುತ್ತಾರೆ, ಬಿಪಿ ಇದ್ದವರಿಗೆ ಅದು ಒಳ್ಳೆಯದಲ್ಲ. ಬಾಯಿಬಿಟ್ಟು ಎಣಿಸಿದರೆ ಉಸಿರು ತಾನಾಗಿಯೇ ಆಡುತ್ತದೆ. ಇದು ಸಲೀಸಾದ ಮೇಲೂ ಇಷ್ಟಕ್ಕೇ ನಿಲ್ಲಬಾರದು. ಕೈ ಊರದೆ ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು ಎಂದು ಶ್ರಮ ಏರುತ್ತಾ ಹೋಗಬೇಕು. ಬಲ ಗಮನಕ್ಕೆ ಬರಲು 6ರಿಂದ 8 ವಾರ ಬೇಕು. ಎರಡನೇ ವಾರಕ್ಕೇ ಕೈಬಿಟ್ಟು ಚಿಕಿತ್ಸೆಯನ್ನು ಬೈದರೆ ಹೇಗೆ?

ವ್ಯಾಯಾಮದ ವೇಳೆ ತುಸು ನೋವಾಗಿ ಮರುದಿನಕ್ಕೆ ಇಳಿದರೆ ಚಿಂತೆಯಿಲ್ಲ. ಬೆಳಿಗ್ಗೆ ಮಂಡಿ ಊದಿಕೊಂಡಿದ್ದರೆ ಸುತ್ತುಗಳನ್ನು ಕಡಿಮೆ ಮಾಡಬೇಕು.

ಮನೆಯವರು ಅಕ್ಕರೆಯಿಂದಲೇ ಮಾಡುವ ತಪ್ಪುಗಳೂ ಇವೆ. ಮಂಡಿ ಬದಲಿ ಶಸ್ತ್ರಚಿಕಿತ್ಸೆಯಾದವರಿಗೆ ಹಾಯೆನಿಸಲಿ ಎಂದು ಮಂಡಿಯ ಕೆಳಗೆ ದಿನವಿಡೀ ದಿಂಬು ಇಡುತ್ತಾರೆ. ಮಂಡಿ ಬಾಗಿದಂತೆಯೇ ಬಿಗಿದು, ಆಮೇಲೆ ಕಾಲು ನೆಟ್ಟಗಾಗುವುದಿಲ್ಲ. ದಿಂಬು ಇಡುವುದಾದರೆ ಹಿಮ್ಮಡಿಯ ಕೆಳಗೆ. ಪಾರ್ಶ್ವವಾಯು ಪೀಡಿತರನ್ನು ಸೋತ ಕೈ ಹಿಡಿದೆಳೆದು ಎಬ್ಬಿಸಿದರೆ, ಹಿಡಿತ ಕಳೆದುಕೊಂಡಿರುವ ಭುಜದ ಕೀಲು ಜಾರಬಹುದು. ಬೆನ್ನಿಗೂ ಸೊಂಟಕ್ಕೂ ಆಸರೆ ಕೊಟ್ಟು ಎಬ್ಬಿಸಬೇಕು.

ಎಲ್ಲಕ್ಕೂ ವ್ಯಾಯಾಮವೇ ಮದ್ದಲ್ಲ. ಸೊಂಟ ನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ, ಶಸ್ತ್ರಚಿಕಿತ್ಸೆಯ ನಂತರ ಒಂದೇ ಮೀನಖಂಡ ಊದಿ ನೋಯುತ್ತಿದ್ದರೆ, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಮೊದಲ ದಿನ ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂದು ನೋಡದೆಯೇ ಯಂತ್ರ ಹಚ್ಚಿದರೆ ಸುಮ್ಮನಿರಬೇಡಿ. ಪರೀಕ್ಷಿಸಲು ಹೇಳಿ, ಮನೆಯಲ್ಲಿ ಮಾಡಬೇಕಾದ ವ್ಯಾಯಾಮಗಳನ್ನು ಬರೆಸಿಕೊಂಡೇ ಹೊರಡಿ.

– ಫಿಸಿಯೋಥೆರಪಿಸ್ಟರೊಬ್ಬರು