ತಿಂಗಳ ಬೆಳಕಿಗೆ ‘ಮಂತ್ಲಿ ಲೈಟ್’!

ಮಾನ್ಯರೇ,

ಕನ್ನಡ ಪದ್ಯಗಳನ್ನು ಇಂಗ್ಲಿಷ್ ಅನುವಾದದ ಜೊತೆ ಬರೆಸಿದ ಕೆರೆ ಏರಿಯ ‘ಕಾವ್ಯ ಫಲಕ’ಗಳ ಅನಾವರಣದ ವರದಿ ನಂಬಿ ನಿನ್ನೆ ಸಂಜೆ ಅಲ್ಲಿಗೆ ಹೋದವರಿಗೆ ಸಿಕ್ಕ ಸುಖ ಇಷ್ಟು: ಗಾಡಿ ನಿಲ್ಲಿಸಲು ಜಾಗವಿಲ್ಲ, ಚರಂಡಿಯ ಚಪ್ಪಡಿ ಅಲುಗಾಡುತ್ತದೆ, ಫಲಕ ಆಳೆತ್ತರಕ್ಕಿಂತ ಮೇಲಿದೆ, ಸ್ಟೀಲ್ ಹೊಳಪಿಗೆ ಕಣ್ಣು ಕುಕ್ಕುತ್ತದೆ. ಕತ್ತು ನೋಯಿಸಿಕೊಂಡು ಓದಿದರೆ ಕಂಡಿದ್ದು ‘ಮಂತ್ಲಿ ಲೈಟ್’. ‘ತಿಂಗಳ ಬೆಳಕು’ ಎಂಬುದರ ಇಂಗ್ಲಿಷ್ ಅವತಾರವಂತೆ! ಕವಿ ಬೆಳದಿಂಗಳು ಅಂದರೆ ಫಲಕ ಕರೆಂಟ್ ಬಿಲ್ ಓದುತ್ತಿದೆ. ಒಂದು ಲೆಕ್ಕಕ್ಕೆ ಸರಿಯೇ, ಏರಿಯ ದೀಪಗಳು ಉರಿಯುವುದೂ ತಿಂಗಳಿಗೊಮ್ಮೆ.

ಪಕ್ಕದ ಫಲಕದಲ್ಲಿ ‘ದೀಪದ ಕುಡಿ’ ಹೋಗಿ ‘ಡ್ರಿಂಕ್ ಆಫ್ ದಿ ಲ್ಯಾಂಪ್’ ಆಗಿದೆ. ಕುಡಿ ಎಂದರೆ ಚಿಗುರು, ಜ್ವಾಲೆಯ ತುದಿ, ವಂಶದ ಕುಡಿ, ಕುಡಿನೋಟ. ಮೊಬೈಲಿನ ಅನುವಾದ ಯಂತ್ರಕ್ಕೆ ಮೊದಲು ನೆನಪಾದದ್ದು ಕುಡಿತ.

ಯಂತ್ರವನ್ನು ಬೈದು ಫಲವಿಲ್ಲ, ಪದ್ಯವನ್ನು ಅದರ ಬಾಯಿಗೆ ಹಾಕಿದ ಬಗೆಯೇ ತಪ್ಪು. ಹಳೆಯ ಪದ್ಯವಾದರೆ ಮೊದಲು ಸಂಧಿ ಬಿಡಿಸಿ ಪದಚ್ಛೇದ ಮಾಡಬೇಕು. ಆಮೇಲೆ ಯಾರು, ಏನನ್ನು, ಏನು ಮಾಡಿದರು ಎಂದು ಅನ್ವಯ ಹಿಡಿಯಬೇಕು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕವಿ ಗುಟ್ಟನ್ನು ಆರನೇ ಸಾಲಿನವರೆಗೂ ಬಚ್ಚಿಡಬಲ್ಲ. ಸಾಲಿಗೆ ಸಾಲು ಇಂಗ್ಲಿಷಿಗೆ ಇಳಿಸಿದರೆ ತಲೆಬುಡ ಇರುವುದಿಲ್ಲ. ‘ನೀನು’, ‘ನೀವು’ ಎರಡೂ ‘ಯೂ’ ಆದಾಗ ದೇವರ ಜೊತೆಗಿನ ಸಲಿಗೆ ಸೋರಿಹೋಗುತ್ತದೆ. ಅದನ್ನು ಧಾಟಿಯಲ್ಲಿ ತುಂಬಿಕೊಡಲು ಮನುಷ್ಯನೇ ಬೇಕು.

ಇಂಗ್ಲಿಷ್ ಹಾಳಾಗಲಿ, ಕನ್ನಡವಾದರೂ ನೆಟ್ಟಗಿದೆಯೇ? ‘ಜೈಮಿನಿ ಭಾರತ’ದ ಕವಿ ಲಕ್ಷ್ಮೀಶ ನಮ್ಮದೇ ಜಿಲ್ಲೆಯ ದೇವನೂರಿನವನು. ಅವನ ಆರು ಸಾಲಿನ ವಾರ್ಧಕ ಷಟ್ಪದಿಯನ್ನು ಫಲಕದ ಅಗಲಕ್ಕೆ ಕತ್ತರಿಸಿ ಒಂಬತ್ತು ಸಾಲು ಮಾಡಿದ್ದಾರೆ! ಹ್ರಸ್ವಾಕ್ಷರ ಲಘು, ಅದಕ್ಕೆ ಒಂದು ಮಾತ್ರೆ; ದೀರ್ಘಾಕ್ಷರ ಅಥವಾ ಒತ್ತಕ್ಷರದ ಹಿಂದಿನ ಅಕ್ಷರ ಗುರು, ಅದಕ್ಕೆ ಎರಡು. ಐದು ಮಾತ್ರೆಯ ಗಣಗಳು, ಅಂದರೆ ಗುಂಪುಗಳು, 1, 2, 4, 5ನೇ ಸಾಲಿಗೆ ನಾಲ್ಕು. 3 ಮತ್ತು 6ನೇ ಸಾಲಿಗೆ ಆರು, ಮೇಲೊಂದು ಗುರು. ಅಂದರೆ 20 ಮಾತ್ರೆ, 32 ಮಾತ್ರೆ. ಉದ್ದದ ಸಾಲು ಹಿಡಿಸುವಂತೆ ಅಕ್ಷರದ ಗಾತ್ರ ಗೊತ್ತುಮಾಡಿದ್ದರೆ ಸಾಕಿತ್ತು. ಕಂಡಲ್ಲಿ ಕತ್ತರಿಸಿದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಕೂರುವ ಪ್ರಾಸ ಎಲ್ಲೋ ನಡುವೆ ಹೂತುಹೋಗುತ್ತದೆ. ಸಾಲದ್ದಕ್ಕೆ ಹಳೇ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವಾಗ ಒತ್ತುಗಳು ಉದುರಿವೆ, ಅರ್ಕಾವತ್ತು ಪಕ್ಕದ ಮನೆ ಸೇರಿದೆ. ‘ಕತ್ತಲೆ’ ‘ಕತಲೆ’ ಆದರೆ ಹೋಗುವುದು ಬರೀ ಒತ್ತಲ್ಲ. ಗುರುವಾಗಿದ್ದ ‘ಕ’ ಲಘುವಾಗಿ ನಾಲ್ಕು ಮಾತ್ರೆ ಮೂರಾಗುತ್ತದೆ, ಓದುವವನ ನಾಲಿಗೆ ಅಲ್ಲೇ ಎಡವುತ್ತದೆ. ಅಳತೆಗೆ ತಕ್ಕ ಕಾಗದದಲ್ಲಿ ಒಂದು ಕರಡು ತೆಗೆದು, ಪದ್ಯ ಬಲ್ಲ ಮೇಷ್ಟ್ರೊಬ್ಬರಿಂದ ಗಟ್ಟಿಯಾಗಿ ಓದಿಸಿದ್ದರೆ ಅರ್ಧ ಗಂಟೆಯ ಕೆಲಸ.

ಪಕ್ಕದ ಹಾಸನದ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ 2025ರಲ್ಲಿ ಇಂಟರ್‌ನ್ಯಾಷನಲ್ ಬುಕರ್ ಬಂದಾಗ 50,000 ಪೌಂಡ್ ಬಹುಮಾನದಲ್ಲಿ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು ಇತ್ತು. ಆಗ ಅಭಿನಂದನೆಯ ಫ್ಲೆಕ್ಸ್ ಕಟ್ಟಿದವರೇ ಈಗ ಶಾಮಿಯಾನಕ್ಕೆ, ಹಾರಕ್ಕೆ, ಉಪ್ಪಿಟ್ಟು-ಕೇಸರಿಬಾತಿಗೆ ಹಣ ಹೊಂದಿಸಿ, ಅನುವಾದಕ್ಕೆ ಮಾತ್ರ ಪುಕ್ಕಟೆ ಆ್ಯಪ್ ಒತ್ತಿದ್ದಾರೆ.

ಅಂಗಡಿ ಬೋರ್ಡಿನಲ್ಲಿ ಶೇ 60 ಕನ್ನಡ ಇದೆಯೇ ಎಂದು ಟೇಪ್ ಹಿಡಿದು ಅಳೆಯುವ ಸಾಹೇಬರು ತಮ್ಮ ಬೋರ್ಡಿನ ಕನ್ನಡವನ್ನು ಯಾವಾಗ ಅಳೆಯುತ್ತಾರೆ? ಬೀದಿಗಳ ನಾಮಫಲಕದ ತಪ್ಪುಗಳ ಬಗ್ಗೆ ಹೋದ ವರ್ಷ ಕೊಟ್ಟ ಅರ್ಜಿ ಇನ್ನೂ ‘ಟಪಾಲಿನಲ್ಲಿದೆ’. ಕೇಳಲು ಹೋದರೆ ಒಂದು ಮೇಜು ಇನ್ನೊಂದು ಮೇಜನ್ನು ತೋರಿಸುತ್ತದೆ, ಆ ಮೇಜು ಊಟಕ್ಕೆ ಹೋಗಿರುತ್ತದೆ. ಒಳಚರಂಡಿಗೆ (ಯುಜಿಡಿ) ಅಗೆದ ರಸ್ತೆಯದೂ ಇದೇ ಕಥೆ.

ಫಲಕಗಳನ್ನು ಕೂಡಲೇ ತೆಗೆಯಲಿ. ತೆಗೆಯದಿದ್ದರೆ ತಿದ್ದಿಸಲಿ. ಎರಡೂ ಆಗದಿದ್ದರೆ ಇಂಗ್ಲಿಷ್ ಭಾಗಕ್ಕಾದರೂ ಬಣ್ಣ ಬಳಿಯಲಿ, ಹಾಗೇ ಆ ಚಪ್ಪಡಿಯನ್ನೂ ಸರಿಮಾಡಲಿ. ಸಂಬಂಧಪಟ್ಟವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ?

– ಓದುಗ, ಚಿಕ್ಕಮಗಳೂರು